ಹಂಪು ಹಾರಿದರೆ ನಿಲ್ಲುವ ಕಾರು

ಚಿಕ್ಕಂದಿನಲ್ಲೇ ಓದಿದವರಿಗೆ ವಿದ್ಯೆ ಅಷ್ಟೇನೂ ಕಾಟ ಕೊಡುವುದಿಲ್ಲ. ಪಾಸಾದ ಮೇಲೆ ಮರೆತು ಆರಾಮಾಗಿರುತ್ತಾರೆ. ಮೀಸೆ ನರೆಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದ ನನ್ನಂಥವರ ಪಾಡು ಬೇರೆ. ಕಲಿತದ್ದನ್ನು ಎಲ್ಲಾದರೂ ಉಪಯೋಗಿಸುವ ತನಕ ಕೈ ಸುಮ್ಮನಿರುವುದಿಲ್ಲ. ಹಳೇ ಕಾರು ಕೊಂಡ ಮೇಲಂತೂ ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ, ಯಾವ ಸೆನ್ಸರ್ ಎಲ್ಲಿ ಕೂತಿದೆ, ಏನು ಮಾಡುತ್ತದೆ ಎಂಬುದೆಲ್ಲ ಬಾಯಿಪಾಠವಾಯಿತು. ನಮ್ಮ ಹೊಂಗನೂರಿನಲ್ಲಿ ಎಂಜಿನ್ ವಿಷಯ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ ಎಂದು ಈಗಲೂ ಹೇಳುತ್ತೇನೆ.

ಈ ಕಾರಿಗೆ ಇತ್ತೀಚೆಗೆ ಒಂದು ರೋಗ ಹತ್ತಿಕೊಂಡಿತು. ಓಡುತ್ತಾ ಓಡುತ್ತಾ ಇದ್ದಕ್ಕಿದ್ದಂತೆ ಆಫ್ ಆಗುವುದು, ಎಂಜಿನ್ ಚಿತ್ರದ ಹಳದಿ ದೀಪ ಹತ್ತುವುದು. ಚನ್ನಪಟ್ಟಣದ ಮೆಕ್ಯಾನಿಕ್ ಸಲೀಂ ಸ್ಕ್ಯಾನರ್ ಸಿಕ್ಕಿಸಿ ನೋಡಿ, ಕ್ರ್ಯಾಂಕ್ ಸೆನ್ಸರ್ ಹೋಗಿದೆ, ಹೊಸದು ಹಾಕೋಣ ಎಂದ. ಎಂಜಿನ್ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವುದು ಅದೇ. ಆ ಸುದ್ದಿ ಬಾರದಿದ್ದರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ನಾನು ಒಪ್ಪಲಿಲ್ಲ. ಕಾರು ನಿಲ್ಲುತ್ತಿದ್ದದ್ದು ಹಂಪು ಹಾರಿದಾಗ ಮಾತ್ರ. ಸೆನ್ಸರಿಗೆ ರಸ್ತೆಯ ಹಂಪು ಹೇಗೆ ಗೊತ್ತಾಗಬೇಕು? ಅಲುಗುವುದು ವೈರು. ಸುದ್ದಿ ಹೇಳುವವನು ಸರಿಯಾಗೇ ಹೇಳುತ್ತಿದ್ದಾನೆ, ದಾರಿಯಲ್ಲಿ ಲೈನು ಕಟ್ಟಾಗುತ್ತಿದೆ ಎಂದು ವಾದಿಸಿದೆ. ಹಂಗಾದ್ರೆ ವೈರೇ ಹುಡುಕು ಅಣ್ಣಾ ಎಂದು ಸಲೀಂ ನಕ್ಕು ಬೇರೆ ಗಾಡಿಯ ಕೆಳಗೆ ನುಗ್ಗಿದ.

ನಾನು ಹುಡುಕುವುದರೊಳಗೆ ಉಯ್ಯಂಬಳ್ಳಿಯಲ್ಲಿ ಭಾಮೈದನ ಹೊಸ ಮನೆಯ ಗೃಹಪ್ರವೇಶ ಬಂತು. ಹೆಂಡತಿ ಮಂಗಳಾ ಕಾರು ಹತ್ತುವ ಮೊದಲೇ ಕರಾರು ಹಾಕಿದಳು.

“ಇವತ್ತೇನಾದ್ರೂ ದಾರೀಲಿ ನಿಂತ್ರೆ ನಾಳೇನೆ ಗುಜರಿಗೆ ಹಾಕ್ಬುಡ್ಬೇಕು. ತಳ್ಳಿ ತಳ್ಳಿ ಸಾಕಾಗೈತೆ ನಂಗೆ.”

ಹೂಂ ಅಂದೆ. ನನ್ನ ಜೀವಮಾನದಲ್ಲಿ ಕೊಂಡ ಒಂದೇ ಕಾರು ಅದು.

ಸಾತನೂರು ದಾಟಿದ ಮೇಲೆ ಒಂದು ಹಂಪು. ಬಸುರಿಯನ್ನು ಕರೆದೊಯ್ಯುವ ಹಾಗೆ ನಿಧಾನವಾಗಿ ಹತ್ತಿಸಿದೆ. ಇಳಿಯುವಾಗ ನಿಂತಿತು. ಮಂಗಳಾ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು ಬಸ್ಸು ಬರುವ ಕಡೆ ನೋಡತೊಡಗಿದಳು. ಬಸ್ಸು ಬರುವವರೆಗಾದರೂ ನನ್ನ ಮಾತು ಕೇಳು ಎಂದು ಅವಳನ್ನು ಸ್ಟೇರಿಂಗ್ ಮುಂದೆ ಕೂರಿಸಿ ಬಾನೆಟ್ ಎತ್ತಿದೆ. ಅವಳು ಕೀ ತಿರುಗಿಸಬೇಕು, ಆರ್‌ಪಿಎಂ ಮುಳ್ಳು ನೋಡಬೇಕು. ಸೆನ್ಸರಿನ ಸುದ್ದಿ ತಲುಪಿದರೆ ಮುಳ್ಳು ಏಳುತ್ತದೆ.

“ಎದ್ತಾ?”

“ಮಲಗೈತೆ.”

ವೈರನ್ನು ಉದ್ದಕ್ಕೂ ಅಲುಗಿಸುತ್ತಾ ಬಂದೆ. ಸೆನ್ಸರಿಗೆ ಸಿಕ್ಕಿಸಿದ ಪ್ಲಗ್ಗನ್ನು ಅಮುಕಿದ ಕೂಡಲೇ, “ಎದ್ತು ಕಣ್ರೀ, ಒಸಿ ಕುಣೀತಾ ಐತೆ” ಎಂದಳು. ಬಿಟ್ಟರೆ ಮಲಗಿತು, ಅಮುಕಿದರೆ ಎದ್ದಿತು. ಸಲೀಮನನ್ನು ಅಲ್ಲಿಗೇ ಕರೆಸಬೇಕೆನಿಸಿತು. ಪ್ಲಗ್ಗು ಕಿತ್ತು ಅವಳ ಮುಂದೆ ಹಿಡಿದು, ಕಾರಿನದೇನೂ ತಪ್ಪಿಲ್ಲ, ಒಳಗೆ ಕಸ ಸೇರಿದೆ ಅಷ್ಟೇ ಎಂದೆ.

ಅವಳು ಬಗ್ಗಿ ನೋಡಿದಳು. “ಇದು ಕಸ ಅಲ್ಲ, ವಿಭೂತಿ.”

ವಿಭೂತಿಯೇ. ಕಳೆದ ಆಯುಧಪೂಜೆಯಲ್ಲಿ ಊರವರೆಲ್ಲ ಚಕ್ರಕ್ಕೂ ಬಾನೆಟ್ಟಿಗೂ ಹಚ್ಚಿ ಮುಗಿಸಿದ್ದರು. ನಿಜವಾಗಿ ದುಡಿಯುವ ಸೆನ್ಸರುಗಳನ್ನು ಯಾರೂ ವಿಚಾರಿಸುವುದಿಲ್ಲವಲ್ಲ ಎಂದು ಕನಿಕರವಾಗಿ, ಕೈಗೆಟುಕಿದವುಗಳ ಪ್ಲಗ್ಗು ಬಿಚ್ಚಿ, ನೀರಲ್ಲಿ ಕಲಸಿದ ವಿಭೂತಿಯನ್ನು ಒಳಗೇ ಹಚ್ಚಿದ್ದೆ. ಹೊರಗೆ ಹಚ್ಚಿದರೆ ಬಿಸಿಗೆ ಉದುರುತ್ತದೆ ಎಂಬ ಮುಂದಾಲೋಚನೆ ಬೇರೆ. ಅದೀಗ ಒಣಗಿ, ತಾಮ್ರದ ಮೇಲೆ ಹಸಿರು ಕಿಲುಬು ಬಂದಿತ್ತು.

“ಒಳಗಡೆ ಹಚ್ಚಿದ್ಯಾರು?”

ನಾನೇ ಎಂದರೆ ಕಾರು ಉಳಿಯುತ್ತದೆ, ನನ್ನ ವಿದ್ಯೆ ಉಳಿಯುವುದಿಲ್ಲ. ಕಾರೇ ಇರಲಿ ಎಂದು ಒಪ್ಪಿಕೊಂಡೆ. ಅವಳು ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು. ಕೆರೆದು ಸಿಕ್ಕಿಸಿದೆ. ಕೀ ತಿರುಗಿಸಿದ ಒಂದೇ ಸಲಕ್ಕೆ ಸ್ಟಾರ್ಟಾಯಿತು, ಆಮೇಲೆ ಎಷ್ಟು ಹಂಪು ಬಂದರೂ ನಿಲ್ಲಲಿಲ್ಲ. “ಗಾಡಿ ಇರ್ಲಿ ಬುಡಿ, ಪಾಪ, ಅದೇನ್ ಮಾಡೀತು” ಎಂದಳು ಮಂಗಳಾ.

ಮೆಕ್ಯಾನಿಕ್ ಸೆನ್ಸರ್ ಅಂದ, ನಾನು ವೈರ್ ಅಂದೆ, ನಾನೇ ಗೆದ್ದೆ ಎಂದು ಗೃಹಪ್ರವೇಶದಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಮಿಕ್ಕದ್ದನ್ನು ಅವಳು ಹೇಳಿದಳೆಂದು ಕಾಣುತ್ತದೆ. ಪೂಜೆಯಾಗಿ ಹಣೆಗೆ ವಿಭೂತಿ ಹಚ್ಚಿಕೊಂಡು ಎದ್ದ ಮೇಲೆ, ಹೊಸ ಮನೆಯ ಯಾವ ಸ್ವಿಚ್ ಬೋರ್ಡಿನ ಹತ್ತಿರ ಹೋದರೂ ಭಾಮೈದ ನನ್ನ ಹಿಂದೆಯೇ ಬಂದು ನಿಲ್ಲುತ್ತಿದ್ದ.

“ಭಾವ, ಕೈ ತೊಳ್ಕೊಂಡ್ ಬನ್ನಿ, ಊಟಕ್ಕೆ ಕೂತ್ಕೊಳವ್ರಂತೆ” ಎಂದು ಒಂದೇ ಸಮನೆ ಉಪಚಾರ ಬೇರೆ. ಅಡುಗೆಯವರು ಆಗಿನ್ನೂ ಅಕ್ಕಿ ತೊಳೆಯುತ್ತಿದ್ದರು.