ಇಲಿಗೆ ಸೂಜಿ ಮಾಡುವ ಷಡ್ಡಕ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು ಎನ್ನುವವನು ನಾನು. ಪಕ್ಕದ ಮನೆಯವರ ಕಾರು, ಗೆಳೆಯರ ಬಂಗಲೆ ಕಂಡು ಕರುಬುವಷ್ಟು ಸಣ್ಣ ಮನುಷ್ಯ ಖಂಡಿತ ನಾನಲ್ಲ. ನಾನು ಕರುಬಿದ್ದು ಬಿಳಿ ಇಲಿಗಳ ದೆಸೆಯಿಂದ. ಬಿಡಿಸಿ ಹೇಳಬೇಕೆಂದರೆ, ಆ ಇಲಿಗಳಿಂದ ಹೆಸರು ಮಾಡಿದ ನನ್ನ ಷಡ್ಡಕನನ್ನು ಕಂಡು.

ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮಾಸ್ತರ. ತುರ್ವಿಹಾಳದ ಮಾವನ ಮನೆಗೆ ಹಿರಿಯ ಅಳಿಯ. ಆ ಮನೆಯಲ್ಲಿ ಸೈನ್ಸಿನ ಖಾತೆ ಮೊದಲಿನಿಂದಲೂ ನನ್ನದೇ. ಎಮ್ಮೆ ಮೇವು ಬಿಟ್ಟರೂ, ಅತ್ತೆಯ ಮೊಣಕಾಲು ಹಿಡಿದುಕೊಂಡರೂ, ಭತ್ತದ ಗರಿ ಕೆಂಪಾದರೂ ಮಾವ ನನ್ನನ್ನೇ ಕೇಳುತ್ತಿದ್ದರು. ಗೊತ್ತಿರಲಿ ಬಿಡಲಿ, ನಾನು ಏನೋ ಒಂದು ಹೇಳುತ್ತಿದ್ದೆ. ಎಮ್ಮೆ ತನ್ನ ಪಾಡಿಗೆ ತಾನು ಹುಷಾರಾಗುತ್ತಿತ್ತು. ಊಟಕ್ಕೆ ಮಾವನ ಮಗ್ಗುಲಲ್ಲೇ ನನ್ನ ತಾಟು. ತುಪ್ಪದ ಗಿಂಡಿ ಮೊದಲು ಬಗ್ಗುತ್ತಿದ್ದದ್ದು ನನ್ನ ಹೋಳಿಗೆಯ ಮೇಲೆ.

ಇಂಥ ಸಾಮ್ರಾಜ್ಯಕ್ಕೆ ನನ್ನ ಹೆಂಡತಿಯ ತಂಗಿಯ ಗಂಡನಾಗಿ ಮಸ್ಕಿಯ ಅಮರೇಶ ಬಂದ. ಹೈದರಾಬಾದಿನ ಲ್ಯಾಬೊಂದರಲ್ಲಿ ಇಲಿಗಳಿಗೆ ಲಸಿಕೆ ಹಾಕಿ, ಅವುಗಳ ಮೈಯೊಳಗೆ ರೋಗ ತಡೆಯುವ ಬಿ ಜೀವಕೋಶಗಳು ಏನು ಮಾಡುತ್ತವೆಂದು ನೋಡುವುದು ಅವನ ಕೆಲಸ. ಮದುವೆಯಲ್ಲಿ ನನಗೆ ಏನೂ ಅನಿಸಲಿಲ್ಲ, ನಗುತ್ತಲೇ ಓಡಾಡಿದೆ. ಎಷ್ಟೋ ದಿನದ ಮೇಲೆ ಬೋರ್ಡಿನಲ್ಲಿ ಅದೇ ಕೋಶದ ಚಿತ್ರ ಬರೆಯುತ್ತಿದ್ದಾಗ, ನಾನು ಬರೆದು ಒರೆಸುವುದನ್ನು ಅಮರೇಶ ಲ್ಯಾಬಿನಲ್ಲಿ ಕಣ್ಣಾರೆ ನೋಡುತ್ತಾನಲ್ಲ ಎಂದು ಹೊಟ್ಟೆಯಲ್ಲಿ ಚುರ್ ಎಂದಿತು.

ಮುಂದೆ ಹಬ್ಬಕ್ಕೆ ಇಬ್ಬರೂ ತುರ್ವಿಹಾಳದಲ್ಲಿ ಸೇರಿದೆವು. ಆ ಸಲ ಇಲಿಗಳು ಮಾವನ ಗದ್ದೆಯ ಬದುಗಳನ್ನೆಲ್ಲ ತೋಡಿ, ತೆನೆ ಕತ್ತರಿಸಿ ಹಾಕಿದ್ದವು. ಇಲಿ ಎಂದರೆ ಸಾಕು, ಮಾವ ಹಲ್ಲು ಕಡಿಯುತ್ತಿದ್ದರು. ಇದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿ ಸಿಗಬೇಕು? ಹೋಳಿಗೆ ಬಡಿಸುವಾಗ ಏನೂ ಅರಿಯದವನಂತೆ, "ಮಾವಾರ, ನಿಮ್ಮ ಸಣ್ಣ ಅಳಿಯ ಇಲಿಗೆ ರೋಗ ಬರಬಾರದಂತ ಸೂಜಿ ಮಾಡ್ತಾನ್ರಿ" ಎಂದೆ.

ಮಾವನ ಕೈಯ ತುತ್ತು ಅಲ್ಲೇ ನಿಂತಿತು. ನಾನು ಒಳಗೊಳಗೇ ಕುಣಿದೆ. ಅಮರೇಶ ಮಾತ್ರ ಗಾಬರಿಯಾಗದೆ ವಿವರಿಸಿದ. ಮೊದಲ ಸೂಜಿಗೆ ಇಲಿಯ ಮೈ ತಡವಾಗಿ ಎಚ್ಚರಾಗುತ್ತದಂತೆ. ಲಸಿಕೆಯನ್ನು ಹಿಡಿಯಬಲ್ಲ ಕೆಲವೇ ಬಿ ಕೋಶಗಳು ಎದ್ದು, ಒಂದು ಹತ್ತಾಗಿ ಬೆಳೆಯುತ್ತವಂತೆ. ಸಸಿಮಡಿಯಲ್ಲಿ ಬಡಕಲು ಸಸಿ ಬಿಟ್ಟು ಗಟ್ಟಿ ಸಸಿ ಆರಿಸಿದ ಹಾಗೆ, ಬಿಗಿಯಾಗಿ ಹಿಡಿಯುವ ಕೋಶಗಳು ಮಾತ್ರ ಉಳಿಯುತ್ತವಂತೆ. ಅವುಗಳಲ್ಲಿ ಕೆಲವು ನೆನಪಿಟ್ಟುಕೊಂಡು ಸುಮ್ಮನೆ ಕೂತು, ಎರಡನೇ ಸಲ ಅದೇ ಬಂದರೆ ತಡಮಾಡದೆ ಮೇಲೆ ಬೀಳುತ್ತವಂತೆ. ಇಲಿಯಲ್ಲಿ ಕಂಡದ್ದು ಮುಂದೆ ಕೂಸುಗಳ ಲಸಿಕೆಗೂ ದಾರಿ ತೋರಿಸುತ್ತದಂತೆ.

ಸಸಿಮಡಿ ಎಂದದ್ದೇ ಮಾವನ ಮುಖ ಅರಳಿತು. "ನನ್ನ ಭತ್ತಾ ತಿಂದ ಜಾತಿ ಒಂದಾರ ಕೆಲಸಕ್ಕ ಬಂತಲ್ಲಪಾ! ಏ, ಅಮರೇಶಪ್ಪಗ ತುಪ್ಪಾ ಹಾಕ್ರಿ" ಎಂದರು. ಗಿಂಡಿ ನನ್ನ ಮೂಗಿನ ಮುಂದೆಯೇ ಹಾದು ಅವನ ತಾಟಿನ ಮೇಲೆ ಬಗ್ಗಿತು. ಆ ಪುಣ್ಯಾತ್ಮ ಅಷ್ಟಕ್ಕೇ ಬಿಟ್ಟನೇ? "ಇದನ್ನ ಅಣ್ಣಾರು ದಿನಾ ಪಾಠ ಮಾಡ್ತಾರ್ರಿ. ನಾ ಹೊಸಾದೇನೂ ಹೇಳಿಲ್ಲ" ಎಂದ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ದಿನಾ ಪಾಠ ಮಾಡುವವನು ಇಷ್ಟು ವರ್ಷ ತಮಗೆ ಯಾಕೆ ಹೇಳಲಿಲ್ಲ ಎಂಬಂತೆ ಮಾವ ನನ್ನನ್ನು ನೋಡಿದರು. ನಾನು ಒಣ ಹೋಳಿಗೆ ನುಂಗಿದೆ.

ಮೊನ್ನೆ ಅಮರೇಶ ಫೋನು ಮಾಡಿ, ಸಿಂಧನೂರಿನಲ್ಲಿ ಬಸ್ಸು ಹತ್ತಿದ್ದೇನೆ, ನಿಮ್ಮಲ್ಲಿಗೇ ಊಟಕ್ಕೆ ಬರುತ್ತೇನೆ ಎಂದ. ಫೋನು ಇಡುತ್ತಿದ್ದಂತೆ ಹೆಂಡತಿ ನನ್ನನ್ನು ದಿಟ್ಟಿಸಿ, "ಅಂವ ಇನ್ನಾ ಮಸ್ಕಿನ ದಾಟಿಲ್ಲ, ಆಗಲೇ ಮಾರಿ ಉಬ್ಬಿಸ್ಕೊಂಡು ಕುಂತೀರಲ್ರೀ" ಎಂದಳು.

ನಿಜ. ಮೊದಲ ಸಲ ಹೊಟ್ಟೆ ಉರಿಯಲು ಎಷ್ಟೋ ದಿನ ಹಿಡಿದಿತ್ತು. ಈ ಸಲ ದನಿ ಕೇಳಿದ್ದೇ ಸಾಕಾಯಿತು, ಉರಿಯೂ ಮೊದಲಿಗಿಂತ ಜೋರು. ಎರಡನೇ ಸೂಜಿಯಂಥ ಈ ಉರಿಯ ಸಂಗತಿ ಅಮರೇಶನಿಗೆ ಹೇಳಿದರೆ ಇಲಿಗಳನ್ನು ಬಿಟ್ಟು ನನ್ನನ್ನೇ ಲ್ಯಾಬಿಗೆ ಒಯ್ದಾನು. ಆದರೆ ಅದರ ಹೆಸರೂ ಅವನಿಗೇ ಹೋಗುತ್ತದಲ್ಲ! ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗಿ, ತುಪ್ಪದ ಗಿಂಡಿಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿಟ್ಟು ಬಂದೆ.