ತೋಂಟದಾರ್ಯನವರ ನಡುಮನೆಗೆ ಬಿದ್ದ ಮಳೆ

ಮಳೆ ಮೇಲಿನಿಂದ ಬೀಳುತ್ತದೆ ಎಂಬುದನ್ನು ವಿಮಾ ಕಂಪನಿಯು ತಾತ್ವಿಕವಾಗಿ ಒಪ್ಪಿಕೊಂಡಿದೆ. ಆದರೆ ಬಿದ್ದ ಮಳೆ ಮನೆಯೊಳಗೆ ಬಂದರೆ, ಯಾವ ದಾರಿಯಲ್ಲಿ ಬಂತು, ಆ ದಾರಿಯನ್ನು ಯಾರು ಮಾಡಿದರು ಎಂಬುದು ತನಿಖೆಯ ವಿಷಯ. ಹಂದನಕೆರೆಯ ಕೊಬ್ಬರಿ ವರ್ತಕ ತೋಂಟದಾರ್ಯನವರ ಮನೆಯಲ್ಲಿ ಈ ತನಿಖೆ ಉತ್ತರೆ ಮಳೆಯಲ್ಲಿ ಶುರುವಾಯಿತು.

ಅಂದು ಸಂಜೆ ಅವರ ಹೆಂಡತಿ ಕಲ್ಲಮ್ಮ ನಡುಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಪಕ್ಕದ ಮನೆ ಬೋರಯ್ಯನ ಮರದಿಂದ ಒಂದು ತೆಂಗಿನಕಾಯಿ ಕಳಚಿ, ಹೆಂಚು ಒಡೆದುಕೊಂಡು ಬಂದು ಅವರ ಮೊರದ ಪಕ್ಕದಲ್ಲೇ ಕೂತಿತು. ಅದರ ಹಿಂದೆಯೇ ಮಳೆಯೂ ಬಂತು. ಕಲ್ಲಮ್ಮ ಕಾಯಿಯನ್ನು ಅಡಿಗೆಮನೆಗೂ ಪಾತ್ರೆಯನ್ನು ನಡುಮನೆಗೂ ಸಾಗಿಸಿದರು.

ತೋಂಟದಾರ್ಯನವರು ಗಾಬರಿಯಾಗಲಿಲ್ಲ. ಮನೆಗೆ ವಿಮೆ ಮಾಡಿಸಿದ್ದ ಊರಿನ ಏಕೈಕ ಗೃಹಸ್ಥರು ಅವರು; ಇಂಥದೊಂದು ದಿನಕ್ಕಾಗಿ ವರ್ಷಗಟ್ಟಲೆ ಕಾದಿದ್ದರು ಎಂದರೂ ತಪ್ಪಲ್ಲ. ಕಾರ್ತಿಕದಲ್ಲಿ ಮಗಳು ಮಧುಶ್ರೀಯ ನಿಶ್ಚಿತಾರ್ಥ ಇದೇ ನಡುಮನೆಯಲ್ಲಿ ನಡೆಯಬೇಕಿತ್ತು. "ಕಂಪನಿ ದುಡ್ಡಲ್ಲೇ ಹೊಸ ಹೆಂಚು ಹೊದಿಸಾಣ ಬುಡು," ಎಂದು ಹೆಂಡತಿಗೆ ಹೇಳಿ ತಿಪಟೂರಿನ ಕಚೇರಿಗೆ ಫೋನ್ ಮಾಡಿದರು. ಕಚೇರಿಯಿಂದ ಸಂದೇಶ ಬಂತು:

"ಪರಿಶೀಲನೆ ಮುಗಿಯುವವರೆಗೆ ಛಾವಣಿಯನ್ನು ರಿಪೇರಿ ಮಾಡತಕ್ಕದ್ದಲ್ಲ. ರಿಪೇರಿ ಮಾಡದೆ ನಿರ್ಲಕ್ಷ್ಯ ತೋರತಕ್ಕದ್ದೂ ಅಲ್ಲ. ಟಾರ್ಪಾಲನ್ನು ಮಳೆಯ ಕೆಳಗೆ ಹಾಸಬಹುದು. ಮಳೆಯ ಮೇಲೆ ಹೊದಿಸಿದಲ್ಲಿ ಮಳೆ ಒಳಗೆ ಬರುತ್ತಿಲ್ಲವೆಂದು ಭಾವಿಸಲಾಗುವುದು."

ಅದರಂತೆ ಟಾರ್ಪಾಲನ್ನು ನೆಲಕ್ಕೆ ಹಾಸಲಾಯಿತು. ಕೆಲವು ದಿನಗಳ ಮೇಲೆ ಸರ್ವೇಯರ್ ದಯಾನಂದ್ ಬಂದರು. ಸಭ್ಯ ಮನುಷ್ಯ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಪ್ಯಾಂಟು ಮಡಚಿ, ನಡುಮನೆಯ ನೀರಿಗಿಳಿದರು.

"ಬಿದ್ದ ಕಾಯಿ ಎಲ್ಲಿ?" ಎಂದು ಕೇಳಿದರು.

"ಅವತ್ತೇ ಚಟ್ನಿ ಮಾಡ್ಬುಟ್ಟೆ ಕಣಪ್ಪ," ಎಂದರು ಕಲ್ಲಮ್ಮ.

"ಅಮ್ಮ, ಅದು ಸಾಕ್ಷಿ."

"ಸಾಕ್ಷಿ ಚೆನ್ನಾಗಿತ್ತು ಕಣಪ್ಪ. ನೀನೇ ತಡವಾಗಿ ಬಂದೆ."

ದಯಾನಂದ್ ನಿಯಮ ವಿವರಿಸಿದರು. ಗಾಳಿಗೆ ಬಿದ್ದ ಕಾಯಿ ಹೆಂಚು ಒಡೆದರೆ ಅದು ಬಿರುಗಾಳಿ, ಪರಿಹಾರ ಉಂಟು. ಬಲಿತು ತಾನಾಗಿ ಬಿದ್ದರೆ ಅದು ಕೃಷಿ, ಗೃಹವಿಮೆಗೆ ಸಂಬಂಧವಿಲ್ಲ.

"ಕೋತಿ ಕಿತ್ತು ಎಸೆದಿದ್ರೆ?" ಎಂದಳು ಮಧುಶ್ರೀ.

"ಅದು ಅರಣ್ಯ ಇಲಾಖೆಗೆ ಹೋಗುತ್ತೆ ಮೇಡಂ."

ಆದ್ದರಿಂದ ಮರದ ಮಾಲೀಕನಾದ ಬೋರಯ್ಯನ ಹೇಳಿಕೆ ಪಡೆಯಲಾಯಿತು. ಬೋರಯ್ಯ ಮರ್ಯಾದಸ್ಥ. ಹಿತ್ತಲ ಗೋಡೆಗೆ ಕೈಯೂರಿ ನಿಂತು, "ನಮ್ಮ ಮರದ ಕಾಯಿ ಗಾಳಿಗೀಳಿಗೆಲ್ಲ ಉದುರಲ್ಲ ಕಣ್ರೀ. ತೊಟ್ಟು ಅಂದ್ರೆ ಕಬ್ಬಿಣ," ಎಂದುಬಿಟ್ಟ.

ದಯಾನಂದ್ ಕೃಷಿ ಎಂದು ಬರೆದುಕೊಳ್ಳತೊಡಗಿದರು. ಕಲ್ಲಮ್ಮ ಹಿತ್ತಲಿಗೆ ಬಂದರು. "ಬೋರಯ್ಯ, ನಿನ್ನ ಮರದ ಮರ್ವಾದೆ ಉಳೀಲಿ ಅಂತ ನಮ್ಮ ಹುಡ್ಗಿ ಕೊಡೆ ಹಿಡ್ಕೊಂಡು ಉಂಗುರ ಹಾಕಿಸ್ಕೋಬೇಕಾ?"

ಬೋರಯ್ಯ ಮರವನ್ನು ಒಮ್ಮೆ ನೋಡಿ, ಅದರ ಕ್ಷಮೆ ಕೇಳುವವನಂತೆ ದನಿ ತಗ್ಗಿಸಿ, ಅವತ್ತಿನ ಗಾಳಿ ಅಂಥಿಂಥದ್ದಲ್ಲ ಎಂದು ಹೇಳಿಕೆ ತಿದ್ದಿಸಿದ.

ಈಗ ಗಾಳಿಗೆ ಪ್ರಮಾಣಪತ್ರ ಬೇಕಾಯಿತು. ಗಾಳಿ ಅಳೆಯುವ ಯಂತ್ರ ಇದ್ದದ್ದು ದೂರದ ಪಟ್ಟಣದಲ್ಲಿ. ಅಂದು ಸಂಜೆ ಅಲ್ಲಿ ಎಲೆಯೂ ಅಲುಗಿರಲಿಲ್ಲವಂತೆ. ಹಂದನಕೆರೆಯ ಗಾಳಿ ಅಲ್ಲಿಗೆ ಹೋಗಿ ಹಾಜರಿ ಹಾಕಿರಲಿಲ್ಲ. ಇದನ್ನು ಮೇಲಧಿಕಾರಿಗಳ ಗಮನಕ್ಕೆ ತರಲಾಯಿತು. ಮೇಲಧಿಕಾರಿಗಳು ಗಮನದಲ್ಲಿಟ್ಟುಕೊಂಡರು.

ಅಷ್ಟರಲ್ಲಿ ಹಸ್ತೆ ಮಳೆ ಹುಯ್ದು ಹೋಯಿತು. ನೆನೆದ ಮರದ ಪಟ್ಟಿಗಳು ಬಾಗಿ, ಹೆಂಚುಗಳು ಒಂದೊಂದಾಗಿ ಜಾರಿದವು. ಅಂಗೈಯಗಲದ ತೂತು ಮೊದಲು ಮೊರದಷ್ಟಾಯಿತು, ಆಮೇಲೆ ಚಾಪೆಯಷ್ಟಾಯಿತು. ಚಿತ್ತೆ ಮಳೆ ಬರುವ ಹೊತ್ತಿಗೆ ಮಂಚದಲ್ಲಿ ಮಲಗಿದರೆ ಮೋಡ ಕಾಣುತ್ತಿತ್ತು. ತೋಂಟದಾರ್ಯನವರು ಊಟ ಕಡಿಮೆ ಮಾಡಿದರು. "ಬೀಗರು ಬಂದು ಏನಂದ್ಕೋತಾರೆ?" ಎಂದು ಕೂತಲ್ಲೇ ಕೊರಗಿದರು. "ಇನ್ನು ಕಂಪನೀನ ನಂಬೋದು ಬೇಡ, ಮೇಸ್ತ್ರೀನ ಕರೀತೀನಿ," ಎಂದು ಅವರು ಎದ್ದ ದಿನವೇ ದಯಾನಂದ್ ಅಂತಿಮ ತೀರ್ಮಾನ ಹಿಡಿದು ಬಂದರು. ನಿಂತುಕೊಂಡೇ ಓದಿದರು:

"ಸದರಿ ಮನೆಯ ಮಧ್ಯಭಾಗವು ಆಕಾಶಕ್ಕೆ ತೆರೆದಿದ್ದು, ಕುಟುಂಬದವರ ಸಂಪೂರ್ಣ ತಿಳಿವಳಿಕೆಯಲ್ಲಿ ಮೂರು ಮಳೆಗಳು ಅಲ್ಲಿ ಬಿದ್ದಿರುತ್ತವೆ. ಇಂಥ ಜಾಗಕ್ಕೆ ತೊಟ್ಟಿ ಎಂದು ಹೆಸರು. ತೊಟ್ಟಿಗೆ ಮಳೆ ಬೀಳುವುದು ಹಾನಿಯಲ್ಲ, ಉದ್ದೇಶ. ಆದಕಾರಣ ಅರ್ಜಿ ವಜಾ. ಮನೆಯನ್ನು ತೊಟ್ಟಿಮನೆ ಎಂದು ವರ್ಗೀಕರಿಸಿದೆ."

ಮಧುಶ್ರೀಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಮೇಸ್ತ್ರಿ ಹೆಂಗೂ ಬತ್ತಾನಲ್ಲ. ಮುಚ್ಚೋದು ಬೇಡ, ಸುತ್ತ ಕಟ್ಟೆ ಕಟ್ಟಿಸಿ."

ಕಟ್ಟೆ ಕಟ್ಟಿಸಿದರು. ನೀರು ಹೋಗಲು ಮೋರಿ ಇಳಿಸಿದರು. ನಾಲ್ಕು ಮೂಲೆಗೆ ಕಂಬ ನಿಲ್ಲಿಸಿದರು. ನಿಶ್ಚಿತಾರ್ಥದ ದಿನ ಹುಳಿಯಾರಿನಿಂದ ಬಂದ ಗಂಡಿನ ತಾತ ಮರುಳಸಿದ್ದಯ್ಯ ಹೊಸ್ತಿಲು ದಾಟಿದವರೇ ನಿಂತುಬಿಟ್ಟರು.

"ತೊಟ್ಟಿಮನೆ!" ಎಂದರು ತಾತ. "ಹೇಳಲೇ ಇಲ್ಲವಲ್ರೀ! ಈಗಿನ ಕಾಲದಲ್ಲಿ ಇದನ್ನ ಯಾರು ಉಳಿಸ್ಕೊಂಡವ್ರೆ?"

"ಕಂಪನಿಯವರೇ ಒಪ್ಪಿ ಬರೆದುಕೊಟ್ಟವ್ರೆ," ಎಂದರು ತೋಂಟದಾರ್ಯನವರು. ಅದು ಸುಳ್ಳಾಗಿರಲಿಲ್ಲ.

ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ಮಳೆ ಸುರಿಯಿತು. ಮಳೆ ತೊಟ್ಟಿಯಲ್ಲಿ ಬಿತ್ತು, ಜನ ಕಟ್ಟೆಯ ಮೇಲೆ ಕೂತು ನೋಡಿದರು. ಇಂಥ ಶುಭಶಕುನ ತಮ್ಮ ಕಡೆ ಯಾರಿಗೂ ಆಗಿಲ್ಲವೆಂದು ಬೀಗರು ಹೇಳಿಕೊಂಡರು.

ಮುಂದಿನ ವರ್ಷದ ಪಾಲಿಸಿ ಬಂದಾಗ ಅದರಲ್ಲೊಂದು ಹೊಸ ನಿಯಮವಿತ್ತು: "ತೊಟ್ಟಿಗೆ ವಾಡಿಕೆಯಂತೆ ಮಳೆ ಬೀಳದಿದ್ದಲ್ಲಿ ಅದನ್ನು ಹಾನಿ ಎಂದು ಪರಿಗಣಿಸಲಾಗುವುದು."

ಆ ಬೇಸಿಗೆ ಒಂದು ಹನಿಯೂ ಬೀಳಲಿಲ್ಲ. ತೋಂಟದಾರ್ಯನವರು ಅರ್ಜಿ ಹಾಕಿದರು. ದಯಾನಂದ್ ಬಂದು, ತೊಟ್ಟಿಗಿಳಿದು, ನೆಲ ಮುಟ್ಟಿ ನೋಡಿದರು. ಒಣಗಿತ್ತು. "ಹಾನಿ ದೃಢಪಟ್ಟಿದೆ," ಎಂದು ಬರೆದುಕೊಂಡರು. ವಾರದಲ್ಲಿ ಪರಿಹಾರ ಬರುತ್ತದೆಂದು ಹೇಳಿ, ಕಲ್ಲಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೊರಗೆ ಬಂದರು.

ಪಕ್ಕದ ಸೂರಿನ ಮೇಲೆ ಬೋರಯ್ಯ ಪಂಚೆ ಎತ್ತಿ ಕಟ್ಟಿ ನಿಂತಿದ್ದ. ತನ್ನ ನಡುಮನೆಯ ಮೇಲಿಂದ ತೆಗೆದ ಹೆಂಚುಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದ.

"ಸಾರ್, ಪಾಲಿಸಿ ಮಾಡ್ಸೋಕೆ ಇಷ್ಟಗಲ ಸಾಕಾ?" ಎಂದು ಅಲ್ಲಿಂದಲೇ ಕೇಳಿದ.

ದಯಾನಂದ್ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಬಡಗಲ ಕಡೆ ಇನ್ನೊಂದು ಸಾಲು ತೆಗೀರಿ."