ಬಾಲ ಕತ್ತರಿಸಿದ ವಿಮಾನ

ಪತ್ರಿಕೆಯಲ್ಲಿ ತಪ್ಪು ದೊಡ್ಡ ಅಕ್ಷರದಲ್ಲಿ ಬರುತ್ತದೆ, ತಿದ್ದುಪಡಿ ಸಣ್ಣ ಅಕ್ಷರದಲ್ಲಿ. ಇದು ಅನ್ಯಾಯವೆಂದು ಓದುಗರು ದೂರುತ್ತಾರೆ. ಆ ಸಣ್ಣ ಅಕ್ಷರ ತಪ್ಪು ಮಾಡಿದವನ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಅವರಿಗೇನು ಗೊತ್ತು? ನಾಗಪುರದ ಇಂಗ್ಲಿಷ್ ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದೇನೆ. ಮಂತ್ರಿಗಳ ವಯಸ್ಸು, ಉಮರೇಡಿನ ಕಲ್ಲಿದ್ದಲು, ಕಿತ್ತಳೆಯ ಧಾರಣೆ, ಯಾವುದರಲ್ಲೂ ನನ್ನ ಪಾಲಿಗೆ ಒಂದು ತಿದ್ದುಪಡಿ ಬಂದಿರಲಿಲ್ಲ. ಆ ದಾಖಲೆಯನ್ನು ಮುರಿದದ್ದು ಕಾಗದದ ವಿಮಾನ ಎಂದರೆ ಸಿಟ್ಟು ಬರದೆ ಇನ್ನೇನು ಬರಬೇಕು?

ಭಾನುವಾರದ ಮಕ್ಕಳ ಪುಟದಲ್ಲಿ ಜಾಗ ಉಳಿದಿತ್ತು. ಕಾಗದದ ವಿಮಾನ ಹಾರುವುದೇಕೆ ಎಂದು ನಾನೇ ಬರೆದೆ. ರೆಕ್ಕೆಯ ಮೇಲ್ಮೈ ಉಬ್ಬಿರುತ್ತದೆ. ಮೇಲಿನ ಗಾಳಿ ಸುತ್ತುದಾರಿ ಹಿಡಿದು, ಕೆಳಗಿನ ಗಾಳಿಯನ್ನು ಹೊತ್ತಿಗೆ ಸರಿಯಾಗಿ ಕೂಡಿಕೊಳ್ಳಲು ಓಡುತ್ತದೆ. ಅದಕ್ಕೇ ವಿಮಾನ ಮೇಲೇಳುತ್ತದೆ. ಶಾಲೆಯಲ್ಲಿ ನನಗೆ ಹೇಳಿಕೊಟ್ಟದ್ದು ಹೀಗೇ. ಬಲ್ಲವರನ್ನು ಕೇಳದೆ ಬರೆಯಬೇಡಿ ಎಂದು ಕಿರಿಯರನ್ನು ದಿನವೂ ಗದರಿಸುವವನು ನಾನು. ಬಲ್ಲವರು ಮನೆಯಲ್ಲೇ ಇದ್ದರು. ನನ್ನ ಹೆಂಡತಿ ಸುಮಂಗಲಾ ನಿಲ್ದಾಣದ ಪಕ್ಕದ ಮಿಹಾನ್ ಕೈಗಾರಿಕಾ ವಲಯದಲ್ಲಿ ವಿಮಾನ ರಿಪೇರಿ ಮಾಡುವ ಇಂಜಿನಿಯರ್.

ಭಾನುವಾರ ಅವಲಕ್ಕಿ ತಿನ್ನುತ್ತಾ ಓದಿದಳು. "ರೀ, ಕಾಗದಕ್ಕ ಉಬ್ಬು ಎಲ್ಲೈತಿ? ತೋರಸ್ರಿ."

"ಸ್ವಲ್ಪ ಇರಬಹುದು," ಎಂದೆ.

"ಚಪಾತಿಗಿಂತ ಚಪ್ಪಟೆ ಐತಿ. ನೀವ ಹೊತ್ತಿಗೆ ಸರಿಯಾಗಿ ಮನಿಗೆ ಬರೂದಿಲ್ಲ, ಗಾಳಿ ಯಾಕ ಬರಬೇಕ್ರಿ?"

ಮಗಳು ಅನಘಾ ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟಳು. ಅವಳ ಅಮ್ಮ ಮಡಚಿದಳು. "ಮೂಗು ತುಸು ಮ್ಯಾಲ ಇಟ್ಟು ಹೋಗತೈತಿ. ರೆಕ್ಕಿ ಗಾಳೀನ ಕೆಳಗ ದಬ್ಬತೈತಿ, ಗಾಳಿ ಅದನ್ನ ಮ್ಯಾಲ ದಬ್ಬತೈತಿ. ಇಷ್ಟ." ವಿಮಾನ ಹಾಲ್ ದಾಟಿ ಕೂಲರಿನ ನೆತ್ತಿಯ ಮೇಲೆ ಇಳಿಯಿತು.

ನಾನೂ ಬಿಡಲಿಲ್ಲ. ಸುದ್ದಿಯ ತೂಕವೆಲ್ಲ ತಲೆಯಲ್ಲಿರಬೇಕು, ಕಡೆಯಿಂದ ಎಷ್ಟು ಕತ್ತರಿಸಿದರೂ ಉಳಿದದ್ದು ನಿಲ್ಲಬೇಕು ಎಂಬುದು ನಮ್ಮ ಡೆಸ್ಕಿನ ಧರ್ಮ. ಅದರಂತೆ ಮೂಗಿಗೆ ನಾಲ್ಕು ಮಡಿಕೆ ಕೊಟ್ಟು, ಬಾಲ ಕತ್ತರಿಸಿ ಎಸೆದೆ. ಅದು ನೇರ ಹೋಗಿ ಅವಲಕ್ಕಿಗೆ ಸುರಿಯುವ ಖಾರದ ತರ್ರಿಯ ಬಟ್ಟಲಿಗೆ ಬಿತ್ತು.

"ಮೂಗು ಭಾರ ಇರೂದು ಬರೋಬರ್," ಎಂದಳು ಸುಮಂಗಲಾ. "ಆದ್ರ ಹಿಂದಿನ ಅಂಚು ಚೂರು ಮ್ಯಾಲ ಮಡಚಿದ್ರನ ಅದು ಮೂಗು ಎತ್ತತೈತಿ. ನೀವು ಬಾಲಾನ ಕತ್ತರಿಸಿಬಿಟ್ರಿ! ತಿದ್ದುಪಡಿ ಹಾಕ್ರಿ."

"ಮಕ್ಕಳ ಪುಟ, ಯಾರು ನೋಡ್ತಾರ?"

"ನಾ ತಪ್ಪು ಬೋಲ್ಟ್ ಹಾಕಿ, ಯಾರು ನೋಡ್ತಾರಂತ ಸುಮ್ಮನ ಇರ್ಲೇನು?"

ಹಲ್ಲು ಕಚ್ಚಿಕೊಂಡು ನಾಲ್ಕು ವಾಕ್ಯದ ತಿದ್ದುಪಡಿ ಬರೆದೆ. ಉಬ್ಬಿಲ್ಲ, ಗಾಳಿಯನ್ನು ದಬ್ಬಬೇಕು, ಮೂಗು ಭಾರವಿರಬೇಕು, ಹಿಂದಿನ ಅಂಚನ್ನು ತುಸು ಮೇಲಕ್ಕೆ ಮಡಚಬೇಕು. ಪುಟ ಮುಗಿಸುವ ಹೊತ್ತಿಗೆ ಜಾಹೀರಾತೊಂದು ಬಂದು ಜಾಗ ಕಿರಿದಾಯಿತು. ಕೈಗೆ ಅಭ್ಯಾಸವಾಗಿದ್ದಂತೆ ಕಡೆಯಿಂದ ಕತ್ತರಿಸಿದೆ.

ಮರುವಾರ ಅನಘಾ ಅಪಾರ್ಟ್‌ಮೆಂಟಿನ ಅಂಗಳದಿಂದ ಮೇಲಕ್ಕೆ ಓಡಿ ಬಂದಳು. "ಪಪ್ಪಾ, ಸೊಸೈಟಿ ಮಕ್ಕಳ ವಿಮಾನ ಎಲ್ಲಾ ಸೀದಾ ನೆಲಕ್ಕ ಗುದ್ದಾಕತ್ತಾವು. ಪೇಪರ್ ನೋಡೇ ಮಾಡೀವಿ ಅನ್ನಾಕತ್ತಾರ!"

ಸುಮಂಗಲಾ ಪುಟ ತೆರೆದು ವಾಕ್ಯಗಳನ್ನು ಬೆರಳಿಟ್ಟು ಎಣಿಸಿದಳು. ಮೂರು. ಪೆನ್ನು ತಂದು ನನ್ನ ಮುಂದಿಟ್ಟಳು.

ಈಗ ತಿದ್ದುಪಡಿಗೆ ತಿದ್ದುಪಡಿ ಬರೆಯುತ್ತಾ ಕೂತಿದ್ದೇನೆ. ಈ ಸಲ ಬಾಲದಿಂದಲೇ ಶುರು ಮಾಡಿದ್ದೇನೆ.